ನಮ್ಮ ಬೀದಿಯ ಎಂಟು ಕ್ಯಾಮರಾ: ಹತ್ತು ತಿಂಗಳು ಬಳಸಿದ ಮೇಲೆ

ಬೀದಿಗೆ ಸಿಸಿಟಿವಿ ಹಾಕಿಸೋಣ ಅಂತ ಮಾತಾಡಿಕೊಳ್ಳುತ್ತಿರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ಮೂರು ಸ್ಟಾರ್. ಬರೀ ಕ್ಯಾಮರಾಗೆ ಆದರೆ ನಾಲ್ಕು, ಹಾಕಿಕೊಟ್ಟವರ ಕೆಲಸಕ್ಕೆ ಎರಡು. ಆದರೆ ಮೊದಲ ಮೂರು ತಿಂಗಳು ನಾವೇ ಅದನ್ನು ಬಳಸಿದ ರೀತಿಗೆ ಒಂದೂ ಕೊಡುವುದಕ್ಕೆ ಮನಸ್ಸಿಲ್ಲ.

ನಮ್ಮದು ಬೆಂಗಳೂರಿನ ಪಶ್ಚಿಮದ ಕಡೆ ಒಂದು ಹಳೇ ಬಿಡಿಎ ಲೇಔಟ್. ಒಂದೇ ಕ್ರಾಸ್, 34 ಮನೆ. ಹೋದ ವರ್ಷ ಎರಡು ಬೈಕು ಕಳುವಾದವು. ಆಮೇಲೆ ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದ ಹಿರಿಯರೊಬ್ಬರ ಸರ ಕಿತ್ತುಕೊಂಡು ಹೋದರು. ಆವತ್ತೇ ಎಲ್ಲರೂ ಒಪ್ಪಿದರು. ಮನೆಗೆ 1,800 ರೂಪಾಯಿ ಹಾಕಿದೆವು. ಎರಡು ಮೆಗಾಪಿಕ್ಸೆಲ್‌ನ, ಕೊಳವೆ ಆಕಾರದ ಎಂಟು ಬುಲೆಟ್ ಕ್ಯಾಮರಾ, ರೆಕಾರ್ಡ್ ಮಾಡುವ ಪೆಟ್ಟಿಗೆ ಡಿವಿಆರ್, 2 ಟಿಬಿ ಹಾರ್ಡ್ ಡಿಸ್ಕ್, ಯುಪಿಎಸ್, ಸಂಘದ ಕೋಣೆಯ ಗೋಡೆಗೆ ಒಂದು ಟಿವಿ.

ಹಾಕಿಕೊಟ್ಟವರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಒಂದೇ ದಿನದಲ್ಲಿ ಎಂಟೂ ಕ್ಯಾಮರಾ ಹಾಕಿದರು, ಹುಡುಗರು ಮರ್ಯಾದೆಯಿಂದ ಮಾತಾಡಿದರು. ಆದರೆ ವೈರು ಸೇರಿಸುವ ಕನೆಕ್ಟರ್‌ಗಳನ್ನು ಡಬ್ಬಿಯೊಳಗೆ ಹಾಕದೆ ಹೊರಗೇ ಬಿಟ್ಟು, ಮೇಲೆ ಕಪ್ಪು ಟೇಪು ಸುತ್ತಿ ಹೋಗಿದ್ದರು. ಮೇ ತಿಂಗಳ ಮೊದಲ ಜೋರು ಮಳೆಗೆ ಎರಡು ಕ್ಯಾಮರಾ ಹೋದವು. ಫೋನ್ ಮಾಡಿದರೆ "ನಾಳೆ ಬರ್ತೀವಿ ಮೇಡಂ" ಅನ್ನುತ್ತಲೇ ಹದಿನಾರು ದಿನ ಕಳೆದರು. ನೀವು ಹಾಕಿಸುವಾಗ ಪ್ರತಿ ಕ್ಯಾಮರಾಗೂ ಆ ಡಬ್ಬಿ, ಅಂದರೆ ಜಂಕ್ಷನ್ ಬಾಕ್ಸ್, ಹಾಕಿದ್ದಾರಾ ಅಂತ ಏಣಿ ಕೆಳಗೆ ನಿಂತು ನೋಡಿ, ಆಮೇಲೆ ದುಡ್ಡು ಕೊಡಿ.

ಹಗಲಲ್ಲಿ ಚಿತ್ರ ಬಹಳ ಚೆನ್ನಾಗಿದೆ. ಹೂವಿನವರು ಮೊಳ ಹಾಕುವುದೂ ಕಾಣುತ್ತದೆ. ರಾತ್ರಿ ಬೇರೆ ಕಥೆ. ಹೆಡ್‌ಲೈಟ್ ಬೆಳಕಿಗೆ ನಂಬರ್ ಪ್ಲೇಟು ಬೆಳ್ಳಗೆ ಹೊಳೆಯುತ್ತದೆ, ಒಂದು ಅಕ್ಷರವೂ ಓದಲು ಬರುವುದಿಲ್ಲ. ಇಡೀ ಬೀದಿ ಕಾಣಲಿ ಅಂತ ನಾವೇ ಹೇಳಿ ಎಂಟಕ್ಕೂ ಅಗಲಕ್ಕೆ ತೋರಿಸುವ 2.8 ಎಂಎಂ ಲೆನ್ಸ್ ಹಾಕಿಸಿದ್ದೆವು, ಅದು ತಪ್ಪಾಯಿತು. ಅಗಲ ಜಾಸ್ತಿ ಆದಷ್ಟೂ ದೂರದ್ದು ಚಿಕ್ಕದಾಗಿ ಕಾಣುತ್ತದೆ. ಕ್ರಾಸ್ ಬಾಯಲ್ಲಿ ಒಂದಾದರೂ 6 ಅಥವಾ 8 ಎಂಎಂ ಲೆನ್ಸಿನದು, ಸ್ವಲ್ಪ ತಗ್ಗಿನಲ್ಲಿ ಇರಬೇಕಿತ್ತು. ಇನ್ನೊಂದು ಕಾಟ ಜೇಡ. ರಾತ್ರಿ ಕ್ಯಾಮರಾ ಬಿಡುವ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತವೆ, ಹುಳ ತಿನ್ನಲು ಜೇಡ ಬಂದು ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ. ಪರದೆಯಲ್ಲಿ ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ ಕಾಣುತ್ತದೆ, ಗಾಳಿಗೆ ಅಲ್ಲಾಡಿದಾಗಲೆಲ್ಲ ಫೋನಿಗೆ ಅಲರ್ಟ್. ತಿಂಗಳಿಗೆರಡು ಸಲ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸುತ್ತೇವೆ.

ಕ್ಯಾಮರಾ ಹಾಕಿದರೆ ಕಳ್ಳತನ ನಿಂತೇಬಿಡುತ್ತದೆ ಅಂತ ಯಾರೂ ನಂಬಬೇಡಿ. 2013ರ ನವೆಂಬರ್‌ನಲ್ಲಿ ಕಾರ್ಪೊರೇಷನ್ ಸರ್ಕಲ್ ಹತ್ತಿರದ ಎಟಿಎಂ ಒಳಗೆ ಒಬ್ಬ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆ ಆಯಿತಲ್ಲ, ನೆನಪಿದೆಯಾ? ಕ್ಯಾಮರಾ ಎಲ್ಲವನ್ನೂ ಹಿಡಿದಿತ್ತು. ಅವನ ಮುಖವನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆದರೂ ಅವನು ಆಂಧ್ರದ ಮದನಪಲ್ಲಿಯಲ್ಲಿ ಸಿಕ್ಕಿದ್ದು 2017ರ ಫೆಬ್ರವರಿಯಲ್ಲಿ. ಹಲ್ಲೆ ನಡೆಯುವ ಹೊತ್ತಿಗೆ ಆ ಪರದೆಯ ಮುಂದೆ ಯಾರೂ ಇರಲಿಲ್ಲ, ಆ ಹೆಣ್ಣುಮಗಳ ನೆರವಿಗೆ ಯಾರೂ ಓಡಿಬರಲಿಲ್ಲ. ಕ್ಯಾಮರಾದ ಜೊತೆ ಮನುಷ್ಯರೂ ಇರಬೇಕು ಅಂತ ನಾನು ಹೇಳುವುದು ಅದಕ್ಕೇ. ನಿರ್ಭಯಾ ನಿಧಿಯಿಂದ ಬೆಂಗಳೂರಿಗೆ ಬಂದ ಸೇಫ್ ಸಿಟಿ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಸೇಫ್ಟಿ ಐಲ್ಯಾಂಡ್. ರಸ್ತೆಬದಿಯಲ್ಲಿ ಬಟನ್ ಒತ್ತಿದರೆ ಕಂಟ್ರೋಲ್ ರೂಮಿನವರು ಮಾತಿಗೆ ಸಿಗುತ್ತಾರೆ. ಬರೀ ಕಂಬದ ಮೇಲಿನ ಕ್ಯಾಮರಾಗಿಂತ ಅದು ಎಷ್ಟೋ ಮೇಲು.

ಹಾಗಂತ ನಮ್ಮ ಕ್ಯಾಮರಾ ದಂಡ ಅಲ್ಲ. ಜುಲೈನಲ್ಲಿ ಕೊನೆ ಮನೆಯ ತಾತ, ಅವರಿಗೆ ಮರೆವಿನ ಕಾಯಿಲೆ, ಬೆಳಗಿನ ಜಾವ 4.10ಕ್ಕೆ ಗೇಟು ತೆಗೆದು ಹೊರಟುಹೋದರು. ಆರಕ್ಕೆ ಸೊಸೆ ಎದ್ದು ನೋಡಿದರೆ ಹಾಸಿಗೆ ಖಾಲಿ. ಅಳುತ್ತಾ ಬಂದರು. ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿದೆವು. ಬಿಳಿ ಪಂಚೆ, ಬರಿಗಾಲು, ಕೈಯಲ್ಲಿ ಖಾಲಿ ಹಾಲಿನ ಚೀಲ. ಕ್ರಾಸ್ ಬಾಯಲ್ಲಿ ಒಂದು ನಿಮಿಷ ನಿಂತು, ಆ ಕಡೆ ಈ ಕಡೆ ನೋಡಿ, ಎಡಕ್ಕೆ ತಿರುಗಿದ್ದರು. ನಾವು ಅಲ್ಲಿಯವರೆಗೆ ಬಲಗಡೆ ದೇವಸ್ಥಾನದ ಹತ್ತಿರವೇ ಹುಡುಕುತ್ತಿದ್ದೆವು. ಇಪ್ಪತ್ತೇ ನಿಮಿಷದಲ್ಲಿ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಸಿಕ್ಕರು. ಆ ಒಂದು ದಿನಕ್ಕೇ ನನ್ನ 1,800 ರೂಪಾಯಿ ಸಂದಿತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಟಿವಿ ಇರುವ ಕೋಣೆಗೆ ಶುರುವಿನಲ್ಲಿ ಬೀಗ ಇರಲಿಲ್ಲ. ಸಂಜೆ ನಾಲ್ಕೈದು ಜನ ಕೂತು ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ಯಾರ ಮನೆಗೆ ಯಾರು ಬಂದರು, ಯಾವ ಹುಡುಗ ಯಾರನ್ನು ಬೈಕಲ್ಲಿ ಬಿಟ್ಟುಹೋದ, ಅದೇ ಮಾತು. ಒಂದಿನ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಕ್ಲಿಪ್ ಬಂತು. ರಾತ್ರಿ 11.20, ಬಾಡಿಗೆಗಿರುವ ಹುಡುಗಿಯೊಬ್ಬಳು ಕ್ಯಾಬಿನಿಂದ ಇಳಿಯುತ್ತಿದ್ದಾಳೆ. ಕೆಳಗೆ "ಇವರ ಮನೆಯವರಿಗೆ ಗೊತ್ತಾ?" ಅಂತ ಒಂದು ಸಾಲು. ಅವಳು ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಮುಗಿಸಿ ಬರುತ್ತಿದ್ದಳು. ಮಾರನೇ ದಿನ ನನ್ನ ಬಾಗಿಲಿಗೆ ಬಂದು ನಿಂತಳು. "ಆಂಟಿ, ನಾನು ಎಷ್ಟು ಹೊತ್ತಿಗೆ ಬರ್ತೀನಿ ಅಂತ ಎಲ್ರೂ ನೋಡ್ತಾ ಇರ್ತಾರಾ? ನಮ್ಮಂಥವರ ಸೇಫ್ಟಿಗೆ ಅಂತ ತಾನೇ ನನ್ನ ಹತ್ರಾನೂ ದುಡ್ಡು ತಗೊಂಡಿದ್ದು?" ಅಂದಳು. ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಆವತ್ತು ಸಂಜೆ ಹೋಗಿ ನಾನೂ ಆ ಎಂಟು ಚೌಕಗಳನ್ನು ಒಂದೊಂದಾಗಿ ಸರಿಯಾಗಿ ನೋಡಿದೆ. ಐದನೇ ಕ್ಯಾಮರಾದಲ್ಲಿ ಬೀದಿ ಅರ್ಧ, ಎದುರು ಮನೆಯ ಮೊದಲ ಮಹಡಿಯ ಬಾಲ್ಕನಿ ಅರ್ಧ. ಬಾಲ್ಕನಿಗೆ ಅಡ್ಡವಾಗಿ ಹಳೇ ನೀಲಿ ಬೆಡ್‌ಶೀಟ್ ಕಟ್ಟಿತ್ತು. ಆ ಮನೆಯ ಅಕ್ಕ ಅಲ್ಲೇ ಬಟ್ಟೆ ಒಣಗಿಸುವುದು, ಸ್ನಾನ ಆದ ಮೇಲೆ ಕೂದಲು ಆರಿಸಿಕೊಳ್ಳುವುದು. ಕ್ಯಾಮರಾ ಬಂದ ವಾರವೇ ಬೆಡ್‌ಶೀಟ್ ಕಟ್ಟಿಕೊಂಡಿದ್ದರು, ಮೂರು ತಿಂಗಳು ಬಾಯಿ ಬಿಟ್ಟು ಹೇಳಿರಲಿಲ್ಲ. ನಾವ್ಯಾರೂ ಕೇಳಿರಲೂ ಇಲ್ಲ.

ಮೀಟಿಂಗ್ ಕರೆದೆವು. ಒಬ್ಬ ಹಿರಿಯರು "ತಪ್ಪು ಮಾಡದವರಿಗೆ ಯಾಕಮ್ಮ ಭಯ?" ಅಂದರು. "ನಿಮ್ಮ ಮಗಳು ಶಿಫ್ಟ್ ಮುಗಿಸಿ ಎಷ್ಟು ಗಂಟೆಗೆ ಬರ್ತಾಳೆ ಅಂತ ಈ ಗ್ರೂಪಿನ ಅರವತ್ತು ಜನಕ್ಕೂ ಗೊತ್ತಾಗಬೇಕಾ ಸರ್?" ಅಂತ ಕೇಳಿದೆ. ಅವರು ತಲೆ ತಗ್ಗಿಸಿದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಕೇರಳ ಹೈಕೋರ್ಟ್ ಕೂಡ 2023ರಲ್ಲಿ, ಸುರಕ್ಷತೆ ಅಂತ ಹೇಳಿಕೊಂಡು ಪಕ್ಕದ ಮನೆಯೊಳಗೆ ಇಣುಕುವುದಕ್ಕೆ ಬಿಡಬಾರದು, ಇದಕ್ಕೊಂದು ಮಾರ್ಗಸೂಚಿ ಬೇಕು ಅಂದಿತ್ತು. ಇವೆರಡನ್ನೂ ಮೀಟಿಂಗ್‌ನಲ್ಲಿ ಓದಿ ಹೇಳಿದೆ.

ಬಾಲ್ಕನಿ ಸಮಸ್ಯೆಗೆ ಪರಿಹಾರ ಡಿವಿಆರ್ ಮೆನುವಿನಲ್ಲೇ ಇತ್ತು ಅನ್ನುವುದು ನನಗೆ ಇವತ್ತಿಗೂ ಬೇಜಾರು. ಪ್ರೈವಸಿ ಮಾಸ್ಕ್ ಅಂತ ಒಂದು ಆಯ್ಕೆ ಇರುತ್ತದೆ. ಪರದೆಯ ಮೇಲೆ ಮೌಸಿನಿಂದ ಒಂದು ಚೌಕ ಎಳೆದರೆ ಅಷ್ಟು ಜಾಗ ಕಪ್ಪಾಗುತ್ತದೆ, ರೆಕಾರ್ಡಿಂಗ್‌ನಲ್ಲೂ ಬರುವುದಿಲ್ಲ. ಎರಡು ನಿಮಿಷದ ಕೆಲಸ. ಹಾಕಿಕೊಟ್ಟವರು ಆ ದಿನವೇ ಇದನ್ನು ಹೇಳಬೇಕಿತ್ತು. ಈಗ ಆರು ಮನೆಗಳ ಕಿಟಕಿ, ಬಾಲ್ಕನಿಗಳಿಗೆ ಮಾಸ್ಕ್ ಹಾಕಿಸಿದ್ದೇವೆ. ನೀಲಿ ಬೆಡ್‌ಶೀಟ್ ಹೋಗಿದೆ.

ಇನ್ನೊಂದು ಮುಖ್ಯ ವಿಷಯ ಪಾಸ್‌ವರ್ಡ್. "ಈಸಿ ಇರ್ಲಿ ಮೇಡಂ, ಮರ್ತೋಗುತ್ತೆ" ಅಂತ ಕ್ಯಾಮರಾ ಹಾಕಲು ಬಂದಿದ್ದ ಹುಡುಗ ಒಂದರಿಂದ ಎಂಟರವರೆಗಿನ ಅಂಕಿ ಹಾಕಿ ಹೋಗಿದ್ದ. ಮಳೆಯಾದ ಮೇಲೆ ರಿಪೇರಿಗೆ ಬಂದಾಗ ಅವನ ಫೋನ್ ತೆಗೆದರೆ ನಮ್ಮ ಬೀದಿ ಅದರಲ್ಲಿ ಲೈವ್ ಓಡುತ್ತಿತ್ತು! ಅವನು ಕೆಟ್ಟವನಲ್ಲ, ಟೆಸ್ಟಿಂಗ್‌ಗೆ ಹಾಕಿಕೊಂಡಿದ್ದನ್ನು ತೆಗೆದಿರಲಿಲ್ಲ ಅಷ್ಟೇ. ಆದರೆ ಆ ಫೋನ್ ಬೇರೆ ಯಾರ ಕೈಗಾದರೂ ಸಿಕ್ಕಿದ್ದರೆ? 2016ರಲ್ಲಿ ಮಿರಾಯ್ ಅನ್ನುವ ದುಷ್ಟ ಸಾಫ್ಟ್‌ವೇರ್, ಕಂಪನಿಯಿಂದ ಬಂದ ಪಾಸ್‌ವರ್ಡ್ ಬದಲಾಯಿಸದೇ ಬಿಟ್ಟಿದ್ದ ಇಂಥದೇ ಕ್ಯಾಮರಾ, ಡಿವಿಆರ್‌ಗಳಿಗೆ ಲಕ್ಷಗಟ್ಟಲೆ ನುಗ್ಗಿತ್ತು. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮರಾಗಳಿಗೆ ನಮ್ಮ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಕೊಳ್ಳುವಾಗ ಅದನ್ನು ಕೇಳಿ, ಪಾಸ್‌ವರ್ಡ್ ನೀವೇ ಕೂತು ಬದಲಾಯಿಸಿ, ಆಪ್‌ನಲ್ಲಿ ಯಾರ್ಯಾರ ಫೋನ್ ಸೇರಿದೆ ಅಂತ ನೋಡಿ.

ನಮ್ಮ ಹಾರ್ಡ್ ಡಿಸ್ಕ್‌ನಲ್ಲಿ ಸುಮಾರು ಹನ್ನೊಂದು ದಿನದ ರೆಕಾರ್ಡಿಂಗ್ ಉಳಿಯುತ್ತದೆ, ಆಮೇಲೆ ಅದರ ಮೇಲೇ ಹೊಸದು ಬರುತ್ತದೆ. ಜನ ಜಾಸ್ತಿ ಸೇರುವ ಅಂಗಡಿ, ಮಾಲ್‌ಗಳು 30 ದಿನ ಇಡಬೇಕು ಅಂತ ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ನಮ್ಮ ಬೀದಿಗೂ ದೊಡ್ಡ ಡಿಸ್ಕ್ ಹಾಕಿಸೋಣ ಅಂತ ಕೆಲವರು ಹೇಳಿದರು, ನಾನು ಬೇಡ ಅಂದೆ. ಸರ ಹೋದರೆ, ಬೈಕು ಹೋದರೆ ಅದೇ ದಿನ ಗೊತ್ತಾಗುತ್ತದೆ. ಅಕ್ಕಪಕ್ಕದವರ ಓಡಾಟವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಂಡು ಏನು ಮಾಡುವುದಿದೆ?

ಈಗ ಕೋಣೆಗೆ ಬೀಗ ಇದೆ, ಕೀ ಇಬ್ಬರ ಹತ್ತಿರ. ಟಿವಿ ಆಫ್ ಇರುತ್ತದೆ, ರೆಕಾರ್ಡಿಂಗ್ ಮಾತ್ರ ನಡೆಯುತ್ತದೆ. ಯಾರಾದರೂ ನೋಡಬೇಕು ಅಂದರೆ ರಿಜಿಸ್ಟರಿನಲ್ಲಿ ಹೆಸರು, ಕಾರಣ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಬರೆದು ಸಹಿ ಮಾಡಬೇಕು, ಕೀ ಇರುವ ಇಬ್ಬರೂ ಜೊತೆಗಿರಬೇಕು. ಕ್ಲಿಪ್ ಕೊಡುವುದು ಪೊಲೀಸರಿಗೆ ಮಾತ್ರ. ಏಳು ತಿಂಗಳಲ್ಲಿ ಒಂಬತ್ತು ಸಲ ತೆರೆದಿದ್ದೇವೆ. ಮೊದಲ ಪುಟದಲ್ಲೇ ತಾತನ ಸೊಸೆಯ ಸಹಿ ಇದೆ, ಅವಸರದಲ್ಲಿ ಮಾಡಿದ್ದು, ಅರ್ಧ ಗೆರೆಯಿಂದ ಹೊರಗೆ ಹೋಗಿದೆ.