ಡಿಕಿಮ್‌ಗೆ ಸಿ-ನೇಮ್ ಇದ್ದರೆ ಟೆಕ್ಸ್ಟ್ ರೆಕಾರ್ಡ್ ಸಹವಾಸ ಬೇಡ

ನಮ್ಮ ಕಾಫಿಪುಡಿ ಅಂಗಡಿಯ ಆಫರ್ ಮೇಲ್ ಕಳಿಸಲು ಎರಡು ಸರ್ವಿಸ್ ಬಳಸಿ ನೋಡಿದೆ. ಮೇಲ್ ನಿಜಕ್ಕೂ ನಮ್ಮ ಡೊಮೈನ್‌ನದೇ ಅಂತ ತೋರಿಸುವ ಸಹಿಯೇ ಡಿಕಿಮ್ (DKIM). ಆ ಸಹಿಯನ್ನು ಪರೀಕ್ಷಿಸುವ ಕೀ ನಮ್ಮ ಡೊಮೈನ್‌ನ ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿ, ಸಿಗಬೇಕು. ಒಂದು ಸರ್ವಿಸ್, ಆ ಕೀಯನ್ನೇ ಟೆಕ್ಸ್ಟ್ (TXT) ರೆಕಾರ್ಡ್ ಆಗಿ, ಅಂದರೆ ಬರಹದ ಸಾಲಾಗಿ, ಹಾಕಿ ಅನ್ನುತ್ತದೆ. ಇನ್ನೊಂದು ಸಿ-ನೇಮ್ (CNAME) ಕೊಡುತ್ತದೆ, ಅಂದರೆ ‘ಕೀ ಅಲ್ಲಿದೆ ನೋಡಿ’ ಅಂತ ಬೇರೆ ಹೆಸರಿನ ಕಡೆ ಕೈ ತೋರಿಸುವ ರೆಕಾರ್ಡ್. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸಿ-ನೇಮ್‌ಗೆ.

2024ರ ಫೆಬ್ರವರಿಯಿಂದ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ), ಡಿಕಿಮ್, ಡಿಮಾರ್ಕ್ (ಈ ಪರೀಕ್ಷೆಯಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕು ಅನ್ನುವ ಸೂಚನೆ) ಮೂರೂ ಕಡ್ಡಾಯ. ನಮ್ಮಂಥ ಸಣ್ಣವರೂ ಮಾಡಿಕೊಳ್ಳುವುದೇ ವಾಸಿ. ಡಿಮಾರ್ಕ್ ಕೆಲಸ ಎರಡರಲ್ಲೂ ಒಂದೇ.

ಟೆಕ್ಸ್ಟ್ ರೆಕಾರ್ಡ್‌ನ ತಲೆನೋವು ಕೀಯ ಉದ್ದ. 2048 ಬಿಟ್ ಕೀ ಅಂದರೆ ಸುಮಾರು 400 ಅಕ್ಷರ. ಡಿಎನ್‌ಎಸ್‌ನಲ್ಲಿ ಒಂದು ತುಂಡು 255 ಅಕ್ಷರ ದಾಟುವಂತಿಲ್ಲ. ಹಾಗಾಗಿ ಕೀಯನ್ನು ಎರಡು ತುಂಡು ಮಾಡಿ, ಒಂದೊಂದಕ್ಕೂ ಕೋಟ್ ಹಾಕಿ, ಒಂದೇ ರೆಕಾರ್ಡ್‌ನಲ್ಲಿ ಇಡಬೇಕು. ಕೆಲವು ಪ್ಯಾನೆಲ್‌ಗಳು (ಡಿಎನ್‌ಎಸ್ ರೆಕಾರ್ಡ್ ತುಂಬುವ ವೆಬ್ ಪುಟ) ಇದನ್ನು ತಾವೇ ಮಾಡಿಕೊಳ್ಳುತ್ತವೆ. ನಾನು ಡೊಮೈನ್ ತಗೊಂಡ ಕಡೆಯದು ಹಾಗಲ್ಲ. ಹಸಿರು ಟಿಕ್ ತೋರಿಸಿ, 255ರ ಆಚೆ ಇದ್ದದ್ದನ್ನು ಸುಮ್ನೆ ಕತ್ತರಿಸಿ ಬಿಸಾಕಿತ್ತು!

ಮೇಲ್ ಸರ್ವಿಸ್ ಮಾತ್ರ ‘ವೆರಿಫೈ ಆಗಿಲ್ಲ’ ಅನ್ನುತ್ತಲೇ ಇತ್ತು. ಎರಡೂ ಕಡೆಯ ಸಪೋರ್ಟ್‌ನವರದ್ದು ಒಂದೇ ರಾಗ: 48 ಗಂಟೆ ಕಾಯಿರಿ, ಪ್ರೊಪಗೇಶನ್ (ಬದಲಾವಣೆ ಎಲ್ಲ ಕಡೆಯ ಸರ್ವರ್‌ಗೂ ಹರಡುವುದು) ಆಗಬೇಕು. ಅರ್ಧ ಕೀ ಊರೆಲ್ಲ ಹರಡಿದರೇನು ಬಂತು? ಎನ್‌ಎಸ್‌ಲುಕಪ್ (ಡಿಎನ್‌ಎಸ್‌ನಲ್ಲಿ ಏನಿದೆ ಅಂತ ತೋರಿಸುವ ಕಮಾಂಡ್) ಹಾಕಿದಾಗಲೇ ಕೀಗೆ ಬಾಲ ಇಲ್ಲದ್ದು ಕಂಡಿದ್ದು. ಕೋಟ್ ಹಾಕಿ ನೋಡಿದರೆ, ಆ ಪ್ಯಾನೆಲ್ ಕೋಟನ್ನೂ ಕೀಗೇ ಸೇರಿಸಿಕೊಂಡಿತು. 1024 ಬಿಟ್ ಕೀ ಒಂದೇ ತುಂಡಿನಲ್ಲಿ ಕೂರುತ್ತದೆ, ನಿಜ. ಆದರೆ ಪ್ಯಾನೆಲ್‌ಗೆ ಬರುವುದಿಲ್ಲ ಅಂತ ಹಳೇ ಕಾಲದ ಕೀಗೆ ಇಳಿಯುವುದು ನನಗೆ ಒಪ್ಪಲಿಲ್ಲ.

ಸಿ-ನೇಮ್‌ನಲ್ಲಿ ಕೀ ಮೇಲ್ ಸರ್ವಿಸ್‌ನವರ ಹತ್ತಿರವೇ ಇರುತ್ತದೆ. ನಾವು ಹಾಕುವುದು ಅಲ್ಲಿಗೆ ದಾರಿ ತೋರಿಸುವ ಎರಡೋ ಮೂರೋ ಪುಟ್ಟ ಸಾಲು. ಅವರು ಕೀ ಬದಲಿಸಿದರೂ ನಮಗೆ ಕೆಲಸವಿಲ್ಲ. ಹೋಸ್ಟ್ ಜಾಗದಲ್ಲಿ ಪೂರ್ತಿ ಹೆಸರು ಹಾಕಿದರೆ ಕೆಲವು ಪ್ಯಾನೆಲ್ ಡೊಮೈನನ್ನು ಮತ್ತೊಮ್ಮೆ ಅಂಟಿಸುತ್ತವೆ, ಅದೊಂದು ನೋಡಿಕೊಳ್ಳಿ. ಡಿಎನ್‌ಎಸ್‌ಗೆ ಕ್ಲೌಡ್‌ಫ್ಲೇರ್ ಸರ್ವಿಸ್ ಬಳಸುತ್ತಿದ್ದರೆ, ಆ ಸಾಲಿನ ಕಿತ್ತಳೆ ಮೋಡದ ಗುರುತನ್ನು ಒತ್ತಿ ಬೂದು ಮಾಡಿ (ಪ್ರಾಕ್ಸಿ ಆಫ್).

ಟೆಕ್ಸ್ಟ್ ಪರವಾಗಿ ಒಂದು ಮಾತು: ಯಾವ ಕೀ ಹೊರಗೆ ಕಾಣಬೇಕು ಅನ್ನುವುದು ನಮ್ಮ ಹಿಡಿತದಲ್ಲಿರುತ್ತದೆ. ಆ ಸರ್ವಿಸ್ ತಿಂಗಳಿಗೆ ಸ್ವಲ್ಪ ಅಗ್ಗವೂ ಹೌದು. ಒಳ್ಳೆ ಪ್ಯಾನೆಲ್ ಇದ್ದು, ಟರ್ಮಿನಲ್ ಅಭ್ಯಾಸ ಇರುವವರು ಆ ದುಡ್ಡು ಉಳಿಸಿಕೊಳ್ಳಲಿ. ನಾನು ಡಿಎನ್‌ಎಸ್ ಕಡೆ ತಲೆ ಹಾಕುವುದೇ ಡೊಮೈನ್ ರಿನ್ಯೂ ಮಾಡುವಾಗ. ನನಗೆ ಜಾಸ್ತಿ ಕೊಟ್ಟರೂ ಸಿ-ನೇಮೇ ಲಾಭ.

ಯಾವುದನ್ನೇ ಹಾಕಿ, ನಿಮ್ಮ ಜಿಮೇಲ್‌ಗೆ ಒಂದು ಮೇಲ್ ಕಳಿಸಿಕೊಂಡು, ಅದರ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿ ನೋಡಿ. ಡಿಕಿಮ್ ಪಾಸ್ ಅಂತ ಇದ್ದರೆ ಸಾಲದು, ಪಕ್ಕದಲ್ಲಿ ನಿಮ್ಮದೇ ಡೊಮೈನ್ ಇರಬೇಕು.