ಹೆಡ್‌ಫೋನ್ ಮಾಡ್ (ನಾವೇ ಮಾಡಿಕೊಳ್ಳುವ ಮಾರ್ಪಾಡು): ಮೊದಲು ಪ್ಯಾಡಾ, ಕೇಬಲ್ಲಾ?

ಸೌಂಡ್ ಬದಲಾಗಬೇಕು ಅಂದರೆ ಪ್ಯಾಡ್‌ಗೆ (ಕಿವಿಗೆ ತಾಗಿ ಕೂರುವ ಮೆತ್ತೆ) ಕೈ ಹಾಕಿ. ಅದನ್ನು ಬದಲಿಸಿದರೆ ಡ್ರೈವರ್‌ಗೂ (ಸೌಂಡ್ ಹೊರಡಿಸುವ ಭಾಗ) ಕಿವಿಗೂ ಇರುವ ದೂರ ಬದಲಾಗುತ್ತದೆ, ಗಾಳಿ ಸೋರುವುದೂ ಬದಲಾಗುತ್ತದೆ. ಲೆದರ್ ಪ್ಯಾಡ್ ಬಿಗಿಯಾಗಿ ಕೂರುತ್ತದೆ, ಹಾಗಾಗಿ ಬೇಸ್ ಸಾಮಾನ್ಯವಾಗಿ ಜಾಸ್ತಿ. ಬೆವರೂ ಜಾಸ್ತಿ, ಬಿಡಿ. ವೆಲೂರ್ (ಮಖಮಲ್‌ನಂಥ ಬಟ್ಟೆ) ತಂಪು, ಆದರೆ ಬೇಸ್ ಸ್ವಲ್ಪ ಸೋರಿಹೋಗುತ್ತದೆ, ಹೊರಗಿನ ಗದ್ದಲವೂ ಒಳಗೆ ಬರುತ್ತದೆ. ಕ್ಲೋಸ್ಡ್ ಬ್ಯಾಕ್ (ಹೊರಬದಿ ಮುಚ್ಚಿರುವ) ಹೆಡ್‌ಫೋನ್‌ನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇಷ್ಟವಾಗಲಿಲ್ಲವೇ? ಹಳೇ ಪ್ಯಾಡ್ ವಾಪಸ್ ಹಾಕಿದರಾಯಿತು.

ಕೇಬಲ್ ಕಥೆ ಬೇರೆ. ದುಬಾರಿ ತಂತಿಯಿಂದ ಸೌಂಡ್ ಸುಧಾರಿಸುತ್ತದೆ ಅನ್ನುವುದನ್ನು ನಾನಂತೂ ನಂಬುವುದಿಲ್ಲ. ಆದರೆ ಅಂಟಿಕೊಂಡೇ ಬಂದ ಕೇಬಲ್ ತೆಗೆದು 3.5 ಎಂಎಂ ಸಾಕೆಟ್ ಕೂರಿಸಿದರೆ, ಮುಂದೆ ತಂತಿ ಹಾಳಾದರೂ ಹೆಡ್‌ಫೋನ್ ಉಳಿಯುತ್ತದೆ. ಇದಕ್ಕೆ ಸೋಲ್ಡರಿಂಗ್ (ತಂತಿಗೆ ಬೆಸುಗೆ ಹಾಕುವುದು) ಬರಬೇಕು. ಬಿಸಿ ಜಾಸ್ತಿ ಹೊತ್ತು ಇಟ್ಟರೆ ಡ್ರೈವರ್‌ನ ಪ್ಲಾಸ್ಟಿಕ್ ಕರಗಬಹುದು, ಕೂದಲೆಳೆಯಂಥ ಕಾಯಿಲ್ ತಂತಿ ಕಿತ್ತು ಬರಬಹುದು. ಈಗಿನ ಕೇಬಲ್ ಚೆನ್ನಾಗಿದ್ದರೆ ಸುಮ್ನೆ ಬಿಚ್ಚಬೇಡಿ.