ಅಲಮಾರಿಗೆ ತೂಗುಹಾಕುವ ತೇವ ಹೀರುವ ಚೀಲ: ಎಲ್ಲಿ ದುಡ್ಡಿಗೆ ಸರಿ, ಎಲ್ಲಿ ದಂಡ

ಬೇಸಿಗೆಯಲ್ಲಿ ತುಟಿ ಒಡೆಯುವ ಕಲಬುರಗಿಯಲ್ಲಿ ಬೂಷ್ಟಿನ ಮಾತೇಕೆ ಎನ್ನುವವರು ಸೆಪ್ಟೆಂಬರ್‌ನಲ್ಲಿ ಒಮ್ಮೆ ಬೀಗ ಹಾಕಿದ ಮನೆಯ ಅಲಮಾರಿ ತೆಗೆದು ನೋಡಬೇಕು. ಮಕ್ಕಳು ಪುಣೆ, ಹೈದರಾಬಾದ್, ಬೆಂಗಳೂರು ಸೇರಿ, ಊರಮನೆ ತಿಂಗಳುಗಟ್ಟಲೆ ಮುಚ್ಚಿರುವುದು ಈಗ ಮಾಮೂಲು. ಕೌದಿ, ಗಾದಿ, ರೇಷ್ಮೆ ಸೀರೆ, ಚರ್ಮದ ಬೆಲ್ಟು, ಆಸ್ತಿ ಕಾಗದ ಎಲ್ಲವೂ ಒಳಗೇ ಇರುತ್ತವೆ. ಗಾಳಿಯ ತೇವ ಶೇ. 70 ದಾಟಿ ಕೆಲವು ದಿನ ಅಲ್ಲೇ ನಿಂತರೆ ಬೂಷ್ಟು ಏಳುತ್ತದೆ. ಶೇ. 60ರ ಕೆಳಗೆ ಇಟ್ಟರೆ ಏಳುವುದಿಲ್ಲ. ಈ ಅಂತರವನ್ನು ಕಾಯುತ್ತೇವೆಂದು ಮಾರಾಟವಾಗುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ಎಷ್ಟು ಕೆಲಸ ಮಾಡುತ್ತದೆ ಎನ್ನುವುದೇ ಇಲ್ಲಿನ ವಿಚಾರ.

ಚೀಲದ ರಚನೆ ಸರಳ. ಮೇಲಿನ ಖಾನೆಯಲ್ಲಿ ಬಿಳಿ ಹರಳು. ಅದರ ಮುಂದೆ ಆವಿಯನ್ನು ಬಿಡುವ, ನೀರನ್ನು ಬಿಡದ ಬಿಳಿ ಪೊರೆ. ಹರಳು ಆವಿ ಹೀರಿ ತಾನೇ ಕರಗಿ, ಕೆಳಗಿನ ಖಾನೆಗೆ ನೀರಾಗಿ ಇಳಿಯುತ್ತದೆ. ಹಡಗಿನ ಕಂಟೇನರ್‌ಗಳಲ್ಲಿ ಸರಕು ಕೆಡದಂತೆ ತೂಗುಹಾಕುವುದೂ, ದಡದಲ್ಲಿ ಕಟ್ಟಿ ಮುಚ್ಚಿಟ್ಟ ದೋಣಿಯ ಕ್ಯಾಬಿನ್ನಿನಲ್ಲಿ ಇಡುವುದೂ ಇದೇ ಹರಳು. ವಿದ್ಯುತ್ ಬೇಡ, ಸದ್ದಿಲ್ಲ. ಬೀಗ ಹಾಕಿದ ಮನೆಗೆ ಇದು ದೊಡ್ಡ ಅನುಕೂಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹರಳಿನ ಒಣ ತೂಕ. ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ‘ಇಷ್ಟು ಮಿಲಿ ಹೀರುತ್ತದೆ’ ಎಂಬ ಮಾತು. ಅದು ಅತಿ ತೇವದ ಗಾಳಿಯಲ್ಲಿ ಸಿಗುವ ಲೆಕ್ಕ. ನಮ್ಮ ಮಳೆಗಾಲಕ್ಕೆ ಒಣ ತೂಕದ ಎರಡರಿಂದ ಎರಡೂವರೆ ಪಟ್ಟು ಹಿಡಿದರೆ ಸಾಕು: 100 ಗ್ರಾಂ ಹರಳಿದ್ದರೆ ಇನ್ನೂರು, ಇನ್ನೂರೈವತ್ತು ಗ್ರಾಂ ನೀರು. ಒಣ ತೂಕವನ್ನೇ ಬರೆಯದ ಪೊಟ್ಟಣವನ್ನು ಅಲ್ಲೇ ಬಿಟ್ಟು ಬನ್ನಿ. ಚಪ್ಪಟೆ ಚೂರುಗಳಲ್ಲಿ ಹುಟ್ಟಿನಿಂದಲೇ ಕಾಲು ಭಾಗದಷ್ಟು ನೀರು ಸೇರಿರುತ್ತದೆ. ಗುಂಡು ಹರಳು ಹೆಚ್ಚು ಒಣಗಿದ್ದು, ಹೆಚ್ಚು ಹೀರುತ್ತದೆ.

ಈಗ ಲೆಕ್ಕ. 28 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 27 ಗ್ರಾಂ ಆವಿ ಹಿಡಿಯುತ್ತದೆ. ತೇವವನ್ನು ಶೇ. 80ರಿಂದ 55ಕ್ಕೆ ಇಳಿಸಬೇಕಾದರೆ ಘನ ಮೀಟರಿಗೆ ಏಳು ಗ್ರಾಂ ತೆಗೆಯಬೇಕು. ನಾಲ್ಕು ಅಡಿ ಅಗಲ, ಆರೂವರೆ ಅಡಿ ಎತ್ತರದ ಅಲಮಾರಿಯ ಗಾಳಿಯಿಂದ ತೆಗೆಯಬೇಕಾದದ್ದು ಹತ್ತು ಗ್ರಾಂ ಒಳಗೆ. ಚೀಲಕ್ಕೆ ಇದು ಲೆಕ್ಕಕ್ಕೇ ಇಲ್ಲ. 10×12 ಅಡಿಯ ಕೋಣೆಯಾದರೆ 230 ಗ್ರಾಂ. ಅದೂ ಒಂದು ಸಲಕ್ಕೆ. ಬಾಗಿಲ ಸಂದಿಯಿಂದ ಹೊಸ ಹಸಿಗಾಳಿ ಬರುತ್ತಲೇ ಇರುತ್ತದೆ. ಆದ್ದರಿಂದ ಕೋಣೆಯ ಮೊಳೆಗೆ ಚೀಲ ನೇತುಹಾಕುವುದು ಶುದ್ಧ ದಂಡ.

ಹಾಗಿದ್ದೂ ಅಲಮಾರಿಯಲ್ಲಿ ಮೊದಲ ಚೀಲ ಬೇಗ ತುಂಬಿಬಿಡುತ್ತದೆ. ಕಾರಣ ಗಾಳಿಯಲ್ಲ, ಬಟ್ಟೆ. ಹತ್ತಿ ಬಟ್ಟೆ ಶೇ. 80 ತೇವದಲ್ಲಿ ತನ್ನ ತೂಕದ ಶೇ. 10ರಷ್ಟು ನೀರು ಹಿಡಿದಿರುತ್ತದೆ, ಶೇ. 55ರಲ್ಲಿ ಸುಮಾರು ಶೇ. 7. ಇಪ್ಪತ್ತು ಕಿಲೋ ಬಟ್ಟೆಯಿಂದ ಹೊರಬರಬೇಕಾದದ್ದು 600 ಗ್ರಾಂ ನೀರು! ಎರಡು ಮೂರು ಚೀಲ ಅದಕ್ಕೇ ಹೋಯಿತು. ಬಟ್ಟೆಯನ್ನು ಮಳೆ ಹಿಡಿಯುವ ಮೊದಲೇ, ಮೇ ತಿಂಗಳ ಬಿಸಿಲಿಗೆ ಒಣಗಿಸಿ ತುಂಬಿಸಿಟ್ಟರೆ ಈ ಖರ್ಚು ಉಳಿಯುತ್ತದೆ. ಆ ಬಿಸಿಲು ನಮ್ಮಲ್ಲಿ ಪುಕ್ಕಟೆ.

ಆಗಲೇ ಬೂಷ್ಟು ಹಿಡಿದಿದ್ದರೆ ಚೀಲ ಅದನ್ನು ತೆಗೆಯುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಎನ್-95 ಮಾಸ್ಕ್ ಹಾಕಿ ಅಲಮಾರಿ ಖಾಲಿ ಮಾಡಿ. ಒಣ ಪೊರಕೆ, ಬ್ರಷ್ ಬೇಡ. ಬೀಜಕಣ ಮನೆಯೆಲ್ಲ ಹಾರುತ್ತವೆ. ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಔಷಧಿ ಅಂಗಡಿಯ ಶೇ. 3 ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸಿ. ಬಣ್ಣ ಬಿಡುವ ಪಾಲಿಶ್ ಇದ್ದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಬಾಗಿಲು ತೆರೆದು ಫ್ಯಾನಿನಡಿ ಒಂದು ಹಗಲು, ಒಂದು ರಾತ್ರಿ ಒಣಗಲಿ. ಪ್ಲೈವುಡ್ಡಿಗೆ ಬ್ಲೀಚ್ ಹಾಕಿದರೆ ಮೇಲಿನ ಕಪ್ಪು ಬಿಳುಚುತ್ತದೆ, ಅದರ ನೀರು ಒಳಗಿಳಿಯುತ್ತದೆ, ಬೇರು ಉಳಿಯುತ್ತದೆ.

ನಮ್ಮ ಭಾಗದವರು ಇನ್ನೊಂದು ಎಚ್ಚರ ವಹಿಸಬೇಕು. ಬೂಷ್ಟಿಗೆ ವಿನೆಗರ್ ಹಾಕಿ ಎಂದು ಇಂಟರ್ನೆಟ್ಟಿನಲ್ಲಿ ಎಲ್ಲೆಡೆ ಕಾಣುವ ಸಲಹೆಯನ್ನು ಶಹಾಬಾದ್ ಫರ್ಸಿಯ ಮೇಲೆ ಪ್ರಯೋಗಿಸಬೇಡಿ. ಅದು ಸುಣ್ಣಕಲ್ಲು, ಆಮ್ಲ ಬಿದ್ದಲ್ಲಿ ಹೊಳಪು ಹೋಗಿ ಮಂಕು ಕಲೆ ನಿಲ್ಲುತ್ತದೆ. ಟಾಯ್ಲೆಟ್ ತೊಳೆಯುವ ಆಮ್ಲ ಇನ್ನೂ ಕೆಟ್ಟದ್ದು. ಅದನ್ನು ಬ್ಲೀಚಿನ ಜೊತೆ ಬೆರೆಸಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ.

ಗೋಡೆಯೇ ಹಸಿಯಾಗಿದ್ದರೆ ಚೀಲದ ಮಾತು ಬಿಡಿ. ಕರಿಮಣ್ಣು ಪಾಯದ ಸುತ್ತ ನೀರು ಹಿಡಿದಿಡುತ್ತದೆ; ಬೀದರಿನ ಜಂಬಿಟ್ಟಿಗೆ ಕಲ್ಲು ರಂಧ್ರಮಯ, ನೀರು ಮೇಲೇರುತ್ತದೆ. ಗೋಡೆಯ ಬುಡದಲ್ಲಿ ಕಾಣುವ ಬಿಳಿ ಎಲ್ಲವೂ ಬೂಷ್ಟಲ್ಲ. ಒಂದು ಹನಿ ನೀರು ಬಿಡಿ: ಕರಗಿದರೆ ಸವಳು, ಅಂದರೆ ಕೆಳಗಿನಿಂದ ನೀರು ಬರುತ್ತಿದೆ. ಅದಕ್ಕೆ ಮದ್ದು ಹೊರಗಿನ ಚರಂಡಿ ಮತ್ತು ಗಿಲಾವಿನ ರಿಪೇರಿ. ಬರೀ ಬೂಷ್ಟಾದರೆ, ಕೆರೆದು ಎರಡು ಕೈ ಸುಣ್ಣ ಹೊಡೆಯುವ ಹಳೆಯ ಪದ್ಧತಿ ಈಗಲೂ ಸರಿ. ಸುಣ್ಣದ ಕ್ಷಾರಕ್ಕೆ ಬೂಷ್ಟು ನಿಲ್ಲದು. ಮಳೆಗಾಳಿ ಬಡಿಯುವ ಪಡುವಣ ಗೋಡೆಗೆ ಅಲಮಾರಿ ಅಂಟಿಸಬೇಡಿ, ನಾಲ್ಕು ಇಂಚು ಸಂದಿ ಇರಲಿ.

ಚೀಲದ ದೊಡ್ಡ ದೋಷ ಅದರ ನೀರು. ಅದು ಬರೀ ನೀರಲ್ಲ, ಗಟ್ಟಿ ಉಪ್ಪುನೀರು. ಸೋರಿದರೆ ತಾನಾಗಿ ಒಣಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಚರ್ಮ ಮುದುಡುತ್ತದೆ, ಜರಿ ಕಪ್ಪಾಗುತ್ತದೆ. ಸೀರೆಯ ಪಿನ್ನು ತಾಗಿ ಪೊರೆ ಹರಿದರೆ ಸಾಕು. ಎರಡೂ ಕಡೆ ನಾಲ್ಕು ಬೆರಳು ಜಾಗ ಬಿಟ್ಟು, ಕೆಳಗೆ ಪ್ಲಾಸ್ಟಿಕ್ ಡಬ್ಬಿ ಇಟ್ಟು ತೂಗುಹಾಕಿ. ಡಬ್ಬಿ ರೂಪದ್ದೂ ಸಿಗುತ್ತದೆ, ಉರುಳಿದರೆ ಮುಗಿಯಿತು. ಇಲಿ ಓಡಾಡುವ ಮನೆಗೆ ಬೇಡ.

ತಿಜೋರಿ, ಕಾಗದಪತ್ರ, ಫೋಟೊ ಆಲ್ಬಂ, ಕ್ಯಾಮೆರಾಗಳಿಗೆ ಸಿಲಿಕಾ ಜೆಲ್ಲೇ ಮೇಲು. ತೂಕದ ಮೂರನೇ ಒಂದರಷ್ಟೇ ಹೀರುತ್ತದೆ, ಆದರೆ ಹನಿ ಸೋರುವುದಿಲ್ಲ. 110–120 ಡಿಗ್ರಿಯ ಓವನ್‌ನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಹೊಸದು. ನೀಲಿ ಮಣಿಯಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ಕೊಳ್ಳಿ. ಡಾಂಬರ ಗುಳಿಗೆ, ಕರ್ಪೂರ ಹುಳುವಿಗಷ್ಟೆ, ತೇವಕ್ಕಲ್ಲ.

ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಚೀಲ ಸಾರ್ಥಕ. ಒಳಗೊಂದು ತೇವ ಅಳೆಯುವ ಅಗ್ಗದ ಹೈಗ್ರೋಮೀಟರ್ ಇಟ್ಟು, ಹಬ್ಬಕ್ಕೆ ಊರಿಗೆ ಬಂದಾಗ ನೋಡಿ: ಶೇ. 60ರ ಮೇಲಿದ್ದು ಹರಳು ಪೂರ್ತಿ ಕರಗಿದ್ದರೆ ಬದಲಿಸಿ, ಹರಳು ಉಳಿದಿದ್ದೂ ತೇವ ಇಳಿಯದಿದ್ದರೆ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿ. ಚಳಿಗಾಲ ಮುಗಿದ ಮೇಲೆ ಹೊಸ ಚೀಲ ಒಡೆಯಬೇಡಿ; ತೇವ ಶೇ. 30ಕ್ಕೆ ಇಳಿದಾಗ ಹರಳು ಹೀರುವುದು ತೀರಾ ಕಡಿಮೆ, ಹೀರಿಸುವ ಅಗತ್ಯವೂ ಇಲ್ಲ. ತುಂಬಿದ ಚೀಲದ ನೀರನ್ನು ಬಚ್ಚಲಿಗೆ ಸುರಿದು ಎರಡು ಬಕೆಟ್ ನೀರು ಬಿಡಿ, ತುಳಸಿ ಕಟ್ಟೆಗೋ ಹಿತ್ತಲ ಗಿಡಕ್ಕೋ ಹಾಕಬೇಡಿ, ಉಪ್ಪಿಗೆ ಗಿಡ ಸುಟ್ಟುಹೋಗುತ್ತದೆ.